ಮೊದಲಿನ ಎರಡು ಸುತ್ತು

ಮಿಲ್ಲಿನ ಹಾಜರಿ ಆಫೀಸು ಕೆಡವಿದ ವರ್ಷ
ಭಂಗಾರದವನ ತಕ್ಕಡಿಯಾಗ ತೂಗಿಸಿ
ಕಿಲೋ ಲೆಕ್ಕದಲೆ ತಂದೆ ಈ ಬೋರ್ಡು.
ಹಸರು ಹಲಿಗಿ, ಎರಡು ಅಂಗೈ ಅಗಲ,
ನಡುವ ನಲವತ್ತು ಕಾಲಿನ ಚಿಪ್ಪು,
ಬಾಜೂಕ ಗಾಜಿನ ಕಿಟಕಿಯ ಈಪ್ರಾಮ್ —
ಕಿಟಕಿಗೆ ಬಿಸಲು ತಾಗಬಾರದಂತ ಯಾರೋ
ಬಸ್ ಟಿಕೇಟಿನ ತುಂಡು ಅಂಟಿಸಿದ್ದರು:
ಅಕ್ಕಲಕೋಟ, ಅರ್ಧಾ.

ಕೆಟ್ಟ ಕೆಪಾಸಿಟರ್ ಕಿತ್ತು ಹೊಸಾವು ಹಾಕಿ
ಐದು ವೋಲ್ಟ್ ಕೊಟ್ಟೆ.
ಮೂರನೇ ರಾತ್ರಿ ಪರದೆ ಮ್ಯಾಲ ಒಂದು ಚುಕ್ಕಿ.
ಒಂದಽ ಚುಕ್ಕಿ.
ಉಸರದ, ಮಾತಿಲ್ಲ.
ಎದ್ದು ಕೂತು "ಡಿಸ್ಕ್ ತಾ" ಅಂತ ಕೈ ಚಾಚೂದು,
ಅಷ್ಟಽ ಅದಕ್ಕ ಗೊತ್ತು.

ಸಿಸ್ಟಂ ಹುಡಕಲಿಕ್ಕೆ ಹೊಂಟೆ.
ಸಿಪಿಎಂ ಅದ ಏನು ಅಂತ ಕೇಳಿದರ
ಬೀಡಿ ಕಾಲೋನಿಯವರು ಪಕ್ಷದ ಆಫೀಸು ತೋರಿಸಿದರು.
ಪುಣೆಯ ದೋಸ್ತ ಒಂದು ಕಳಿಸಿದ.
ಅದಽ ಚಿಪ್ಪು, ಅದಽ ಕಾಲ, ಅದಽ ಹೆಸರು.
ಏರಿಸಿದೆ, ಹೆಣಧಾಂಗ ಬಿತ್ತು.
ಅದು ಬಾಗಲಾ ಅಂತ ಬಡಿಯೂ ಜಾಗಾದಾಗ
ನನ್ನ ಬೋರ್ಡಿನಾಗ ಗ್ವಾಡಿ.

ಸೊಲ್ಲಾಪುರದವರಿಗೆ ಇದನ್ನ ಬಿಡಿಸಿ ಹೇಳೂದೇನು?
ಮನ್ಯಾಗ ಕನ್ನಡ, ಸಾಲ್ಯಾಗ ಮರಾಠಿ,
ಮಗ್ಗದ ಮುಂದ ತೆಲಗು.
ಕನ್ನಡದಾವ ಅಂತ ಧಾರವಾಡಕ್ಕ ಹೋದರ
ಬಾಯಿ ತೆಗದ ಕೂಡಲೆ ಊರು ಕೇಳತಾರ.

ಈ ಬೋರ್ಡಿಗೆ ಹೊಂದಿಸಿ ಬರದಾವ ಚನವೀರ ಬಮಣಿ,
ಪಗಾರ ಕಾರಕೂನ, ಬಿಎಸ್ಸಿ ನಪಾಸ.
ತೀರಿಕೊಂಡು ಎಂಟು ವರ್ಷ.
ಶೆಂಗಾ ಚಟ್ನಿ ಮಾರತಾಳ ಹೇಂತಿ, ಸುಗಲಾಬಾಯಿ.
ರೇಶನ್ ಕಾರ್ಡಿನ ಜೋಡಿ ಇಟ್ಟ ಫ್ಲಾಪಿ ತಂದುಕೊಟ್ಟಳು.
ಬೂಷ್ಟು ಒರಸಿ ಓದಿಸಿದೆ.
ನಲವತ್ತು ಸುತ್ತಿನಾಗ ಮೂವತ್ತೆಂಟು ಬಂದವು:
ವೈಂಡಿಂಗ್ ಖಾತೆ, ರಾತ್ರಿ ಪಾಳಿ, ಓವರ್‌ಟೈಮು,
ನೂಲು ಹರದದ್ದಕ್ಕ ಎಂಟಾಣೆ ದಂಡ,
ಸತ್ತವರು ಇದ್ದವರು ಎಲ್ಲಾರೂ ಒಂದಽ ಯಾದಿಯಾಗ.
ಬರಲಿಲ್ಲ ಮೊದಲಿನ ಎರಡು.
ಸಿಸ್ಟಂ ಇರೂದು ಅಲ್ಲೇ.

ಮರುದಿನ ಫ್ಲಾಪಿ ಹೊಳ್ಳಿ ಕೊಡಲಿಕ್ಕೆ ಹೋದಾಗ ಕಂಡದ್ದು —
ಅಡಗಿಮನಿ ಫಳಿ ಮ್ಯಾಲ, ಡಬ್ಬಿಗಳ ಬುಡಕ,
ಎರಡೂ ಅಂಚಿಗೆ ತೂತಿದ್ದ ಕಾಗದ,
ಸಾಲಿಗೆ ಹದಿನಾರು ಜೋಡಿ ಅಂಕಿ ಅಕ್ಷರ.
"ಅವರ ಕಾಗದ. ಗಟ್ಟಿ ಅದಾವ.
ವರ್ಷಾ ದೀಪಾವಳಿಗೆ ಹೊಸಾವು ಹಾಸತೇನಿ."

ಹತ್ತು ಹಾಳಿ ಸಿಕ್ಕವು.
ಹನ್ನೊಂದನೇದು ಹೋದ ವರ್ಷ ಒಲಿಗೆ ಹೋಗಿತ್ತು.
ಪ್ರಿಂಟರಿನ ಭಾಗ ಅದು. ಹೋಗಲಿ,
ಪ್ರಿಂಟರಾದರೂ ಎಲ್ಲದ?

ಆಕಿ ಓದೂದು, ನಾ ಒತ್ತೂದು.
ಅಂಕಿ ಮರಾಠಿ, ಅಕ್ಷರ ಇಂಗ್ಲಿಷು, ಬೈಗಳ ಕನ್ನಡ.
"ಸಿ ತೀನ. ಶೂನ್ಯ ಶೂನ್ಯ. ಎಫ್ ದೋನ.
ಸಿ ತೀನ. ಸುಡುಗಾಡು ಎಣ್ಣಿ, ಕಾಣವಲ್ದು —"
ಆರನೇ ಹಾಳಿಯಾಗ ಅಚ್ಚು ಹೊಡದು ಹಾಕಿ
ಪೆನ್ನಿಲೆ ತಿದ್ದಿದ್ದ ಬಮಣಿ.
ಮೂರೋ, ಎಂಟೋ?
ನಾ ಭೂತಗನ್ನಡಿ ಹಿಡದು ಮೂರು ಅಂದೆ.
ಆಕಿ ಬರೇ ಕಣ್ಣಿಲೆ ನೋಡಿದಳು.
"ಎಂಟು. ಹಾಲಿನ ಲೆಕ್ಕದಾಗ ಇಪ್ಪತ್ತು ವರ್ಷ ನೋಡೇನಿ,
ಅವರ ಎಂಟಕ್ಕ ಹೊಟ್ಟಿ ಮುಚ್ಚೂದಿಲ್ಲ."

ಪುಣೆಯಿಂದ ಬಂದ ತಲಿಗೆ ಬಮಣಿಯ ಕೈಕಾಲು ಹೊಲದು
ಹೊಸ ಡಿಸ್ಕಿನ ಮೊದಲಿನ ಎರಡು ಸುತ್ತಿಗೆ ಬರದೆ.
ಆಕೀ ಮನೀಗೇ ಒಯ್ದು ಹಚ್ಚಿದೆ.
ಡ್ರೈವು ಮುಲುಕಿತು, ತಡೀತು, ಮತ್ತೊಮ್ಮೆ ಮುಲುಕಿತು.
ಆಮ್ಯಾಲ ಎ ಅಕ್ಷರ,
ಬಾಜೂಕ ಬಾಣದ ಮೂತಿ,
ಮಿಣುಕು ಮಿಣುಕು ಚೌಕ.

ಸೆರಗಿಗೆ ಕೈ ಒರಸಿಕೊಂಡು ಬಂದಳು.
"ಏನಂತದ?"
"ಏನಿಲ್ರಿ. ಹೇಳ್ರಿ ಅಂತದ."

ಸುಗಲಾಬಾಯಿ ಒಂದು ಗಳಿಗಿ ನಿಂತಳು.
"ಈಗ ಬ್ಯಾಡ. ಒಲಿ ಮ್ಯಾಲ ಶೆಂಗಾ ಅದಾವ.
ನಿಂದರು ಅನ್ನು."