ಸೆಕೆಂಡ್ ಶೋ ಬಂದೋಬಸ್ತು

ಪರದೆಯ ಮೇಲೆ ಡಿಟೆಕ್ಟಿವ್ ಗಾಜು ಒಡೆದೇ ಒಳಗೆ ಬರುತ್ತಾನೆ,
ಬಾಗಿಲು ತೆರೆದಿದ್ದರೂ.
ಒಂದೇ ಏಟಿಗೆ ಏಳು ಜನ. ಅಂಗಿಯ ಇಸ್ತ್ರಿ ಹಾಗೇ ಇದೆ.

ಗೋಡೆಗೊರಗಿ ನಿಂತ ಹೆಡ್ ಕಾನ್‌ಸ್ಟೇಬಲ್ ಮುನಿವೀರಪ್ಪ
ಎಡ ಮಂಡಿ ನೀವಿಕೊಳ್ಳುತ್ತಾರೆ.
ಕಲಾಸಿಪಾಳ್ಯದಲ್ಲಿ ಹನ್ನೊಂದು ರಾತ್ರಿ
ಈರುಳ್ಳಿ ಲಾರಿಯ ಹಿಂದೆ ಸೊಳ್ಳೆ ಹೊಡೆಯುತ್ತ ಕೂತಿದ್ದು,
ಹನ್ನೆರಡನೆಯ ರಾತ್ರಿ ಅವನೇ ಬಂದು
'ಅಣ್ಣ, ಬೆಂಕಿಪೊಟ್ಟಣ ಐತಾ' ಅಂದಿದ್ದು,
ಆಮೇಲೆ ಬೆಳಗಿನ ತನಕ ಮಹಜರು:
ಕಾರ್ಬನ್ ಹಾಳೆ, ನಿದ್ದೆಗಣ್ಣಿನ ಎರಡು ಸಾಕ್ಷಿ,
'ಮಚ್ಚು ಒಂದು, ಹಿಡಿಗೆ ಸೈಕಲ್ ಟ್ಯೂಬು ಸುತ್ತಿದೆ.'

ಈ ಸಿನಿಮಾದಲ್ಲಿ ಯಾರೂ ಏನೂ ಬರೆಯುವುದಿಲ್ಲ.

ಹೀರೋ ಪಿಸ್ತೂಲು ತೆಗೆದ ಕೂಡಲೇ
ಮೂರನೇ ಸಾಲಿನಿಂದ ಒಂದು ಶಿಳ್ಳೆ,
ನಾಲಿಗೆ ಮಡಚಿ, ಮಾಡಿನ ತಗಡು ನಡುಗುವಂತೆ.
ಟಾರ್ಚ್ ಬಿಟ್ಟರೆ
ಅವನೇ. ಜಾಮೀನಿನ ಮೇಲಿದ್ದಾನೆ.
ಕಣ್ಣು ಕಿರಿದು ಮಾಡಿ, ಗುರುತು ಹಿಡಿದು,
ಪಕ್ಕದ ಖಾಲಿ ಸೀಟನ್ನು ಕರ್ಚೀಫಿನಿಂದ ಒರೆಸುತ್ತಾನೆ:
'ಕೂತ್ಕೊಳಿ ಸಾ, ಕಾಲು ನೋಯಲ್ವಾ?'

ಟಾರ್ಚ್ ಆರುತ್ತದೆ.
ಮುನಿವೀರಪ್ಪ ಕೂರುವುದಿಲ್ಲ.
ಕ್ಲೈಮ್ಯಾಕ್ಸನ್ನು ಮಾತ್ರ
ಆ ಸಾಲಿನ ಪಕ್ಕದಲ್ಲೇ ನಿಂತು ನೋಡುತ್ತಾರೆ,
ಭಾರವನ್ನೆಲ್ಲ ಬಲಗಾಲಿಗೆ ಹಾಕಿ.