ಏಳನೆಯ ಸುತ್ತು

ಬಿಸಿಲು ಕುಡಿದ ಎಲೆಗಳನ್ನು ಒಳಗೆ ತಂದು
ಮೊರಗಳಲ್ಲಿ ಹರವಿದಾಗ ಸಂಜೆ ಆರು.
ವೂಯೀ ಬಂಡೆಗಳು ಹಗಲಿನ ಕಾವನ್ನು
ಇನ್ನೂ ಬೆನ್ನಲ್ಲೇ ಇಟ್ಟುಕೊಂಡು ಕೂತಿದ್ದವು.
ಎಲೆಗಳೋ, ಪೂರ್ತಿ ಸೋತು,
ಕಿವಿ ಜೋತುಬಿಟ್ಟ ಮೊಲದ ಮರಿಗಳ ಹಾಗೆ.

ನಾನು ಗುಡ್ಡದಾಚೆಯ ಜಿಯಾಂಗ್‌ಷಿಯವನು, ಕೂಲಿ.
ಹನ್ನೊಂದು ವಸಂತ ಈ ಮನೆಗೆ ಬಂದಿದ್ದೇನೆ,
ಬುಟ್ಟಿ ಹೊರುವುದಕ್ಕೆ, ಇದ್ದಿಲು ಒಡೆಯುವುದಕ್ಕೆ,
ರಾತ್ರಿ ಜಿನ್‌ಷ್ಯು ಅಕ್ಕನ ಜೊತೆ
ಎಚ್ಚರವಿರುವುದಕ್ಕೆ.

ಮೊದಲ ಸುತ್ತು ಮೆಲ್ಲಗೆ.
ಮೊರದ ಅಂಚು ಹಿಡಿದು ಎಲೆಗಳನ್ನು ತಿರುಗಿಸುತ್ತಾಳೆ,
ಅಕ್ಕಿಯ ಕಲ್ಲು ಆರಿಸುವ ಬಿರುಸಿಲ್ಲ,
ಮಲಗಿದ ಮಗುವನ್ನು ಹೆದರಿಸದೆ ಎಬ್ಬಿಸುವಂತೆ.
ಅಂಚಿಗೆ ಅಂಚು ತಾಗಿ ಒಂದಿಷ್ಟೇ ನೋಯಬೇಕು.
ಹೆಚ್ಚಾದರೆ ಕಹಿ. ಕಡಿಮೆಯಾದರೆ ಬರೀ ಹುಲ್ಲು.
ಆಮೇಲೆ ಸುಮ್ಮನೆ ಬಿಡಬೇಕು.
ಬಿಡುವುದೇ ಕಷ್ಟ, ಅನ್ನುತ್ತಾಳೆ.

ಬಿಟ್ಟಾಗ, ದಂಟಿನಲ್ಲಿ ಅಡಗಿದ್ದ ನೀರು
ನರ ಹಿಡಿದು ಎಲೆಗೆ ನಡೆದು ಬರುತ್ತದೆ.
ಸತ್ತಂತಿದ್ದದ್ದು ಎದ್ದು ಕೂರುತ್ತದೆ.
ಮತ್ತೆ ತಿರುಗಿಸು.
ಮತ್ತೆ ಬಿಡು.

ಪ್ರತಿ ಸುತ್ತಿಗೂ ಅವಳು ಮೊರಕ್ಕೆ ಮುಖ ಇಳಿಸಿ
ಉದ್ದಕ್ಕೆ ಉಸಿರೆಳೆಯುತ್ತಾಳೆ, ಅವಳ ಮಾವ ಎಳೆಯುತ್ತಿದ್ದ ಹಾಗೆ.
ಬಾಗಿಲಲ್ಲಿ ನಿಂತ ಮೈದುನ ಯುಂಗ್‌ಚುವೆನ್
ತಲೆಯಾಡಿಸಿ ಮಲಗಲು ಹೋಗುತ್ತಾನೆ.
ಈ ಮನೆಯ ಚಹಾ ಮಾರಾಟವಾಗುವುದು
ಅವಳ ಮೂಗಿನ ಹೆಸರಿನಲ್ಲಿ.

ಆ ಮೂಗು ಸತ್ತು ಮೂರು ವರ್ಷ.
ನನಗೊಬ್ಬನಿಗೇ ಗೊತ್ತು.
ಕೆಂಡದ ಗುಂಡಿಯ ಬಳಿ ನನ್ನ ರಬ್ಬರ್ ಚಪ್ಪಲಿ ಕರಗಿ
ಬೀದಿಯ ನಾಯಿಯೂ ಸೀನಿದ ರಾತ್ರಿ
ಅವಳು ಅದರ ಪಕ್ಕದಲ್ಲೇ ಕೂತು
ಬೂದಿ ತಟ್ಟುತ್ತಿದ್ದಳು, ನೆಮ್ಮದಿಯಾಗಿ.
ನಾನು ನೋಡಿದೆ.
ನಾನು ನೋಡಿದ್ದನ್ನು ಅವಳೂ ನೋಡಿದಳು.
ಜ್ವರ ಬಂದಿತ್ತಲ್ಲ, ಅಂದಳು. ಅಷ್ಟೇ.
ಮರುದಿನ ಹೊಸ ಚಪ್ಪಲಿ ತರಿಸಿಕೊಟ್ಟಳು,
ಒಂದು ಅಳತೆ ದೊಡ್ಡದು.

ಅಂದಿನಿಂದ, ಮೈದುನ ಮಲಗಿದ ಮೇಲೆ,
ಮೊರವನ್ನು ನನ್ನ ಕಡೆ ಸರಿಸಿ, ಹೇಳು, ಅನ್ನುತ್ತಾಳೆ.
ನನಗೆ ಹೂಗಳ ಹೆಸರು ಬರುವುದಿಲ್ಲ.
ವ್ಯಾಪಾರಿಗಳು ಹೊಗಳುವ ಆರ್ಕಿಡ್ಡು ನಾನು ಕಂಡವನಲ್ಲ.
ಎರಡನೆಯ ಸುತ್ತಿಗೆ, ಸೌತೆಕಾಯಿ ಸಿಪ್ಪೆ, ಅಂದೆ.
ನಾಲ್ಕಕ್ಕೆ, ಒದ್ದೆ ಬೆಂಕಿಪೊಟ್ಟಣ.
ಆರಕ್ಕೆ, ತುಸು ಯೋಚಿಸಿ,
ಬಿಸಿಲಿಂದ ಒಳತಂದ ಹಾಸಿಗೆಯಲ್ಲಿ
ಯಾರೋ ಪೀಚ್ ಹಣ್ಣು ಮರೆತಿದ್ದಾರೆ.
ಅವಳು ನಕ್ಕಳು. ಎಲೆಗಳಲ್ಲಿ ಕೈಯಾಡಿಸಿದಳು.

ನನ್ನ ಮಾತು ಅವಳಿಗೆ ಬೇಕೇ ಇಲ್ಲ,
ಅದು ನನಗೆ ತಡವಾಗಿ ತಿಳಿಯಿತು.
ಎಲೆ ಬೆನ್ನು ಬಾಗಿಸಿ ಚಮಚದಂತಾದದ್ದು
ಅಂಗೈಗೆ ಆಗಲೇ ಗೊತ್ತು.
ಸರಸರ ಅನ್ನುತ್ತಿದ್ದುದು
ರೇಷ್ಮೆ ಮಡಿಸುವ ಸದ್ದಿಗೆ ಇಳಿದದ್ದು ಕಿವಿಗೆ ಗೊತ್ತು.
ಅಂಚಿಗೆ ಮೂರು ಪಾಲು ಕೆಂಪು, ಒಳಗೆ ಏಳು ಪಾಲು ಹಸಿರು,
ದೀಪಕ್ಕೆ ಹಿಡಿದರೆ ಕಣ್ಣಿಗೂ ಗೊತ್ತು.
ಮತ್ತೇಕೆ ಕೇಳುತ್ತಾಳೆ?
ಊರು ಬಿಟ್ಟವರು, ಊರಿಂದ ಬಂದವರನ್ನು,
ಆ ಮರದ ಸೇತುವೆ ಇನ್ನೂ ಇದೆಯಾ
ಎಂದು ಕೇಳುವ ಹಾಗೆ, ಇರಬೇಕು.

ಏಳನೆಯ ಸುತ್ತಿಗೆ ನಾನು ಬಾಯಿ ತೆರೆಯುವ ಮುನ್ನವೇ
ಬಾಣಲೆ ಕಾಯಿಸು, ಅಂದಳು.
ನಸುಕಿನ ನಾಲ್ಕು.
ಎಲೆ ಬಿದ್ದದ್ದೇ ಚಟಚಟ ಸಿಡಿಯಿತು,
ಬರಿಗೈ ಒಳಗೆ, ಹೊರಗೆ, ಒಳಗೆ, ಹೊರಗೆ,
ಇಡೀ ರಾತ್ರಿ ಬೆಳೆಸಿದ್ದನ್ನು
ಇಲ್ಲಿಗೆ ಸಾಕು ಎಂದು ನಿಲ್ಲಿಸುವ ಬೆಂಕಿ.
ಬಿದಿರ ತಟ್ಟೆಯ ಏಣುಗಳ ಮೇಲೆ
ಮೈಭಾರವೆಲ್ಲ ಹಾಕಿ ಹೊಸೆದೆವು, ಇಬ್ಬರೂ,
ಬೆರಳುಗಳು ಒಂದಕ್ಕೊಂದು ಅಂಟುವವರೆಗೆ.

ಬೆಳಿಗ್ಗೆ ಮೈದುನ ಬಂದು ಮೂಗರಳಿಸಿದ:
ಅತ್ತಿಗೆ, ಈ ಸಲ ಏನು ಪರಿಮಳ!
ಕೆಂಡಕ್ಕೆ ಬೂದಿ ಹೊದಿಸುತ್ತಿದ್ದವಳು
ಕತ್ತೆತ್ತದೆ ಅಂದಳು,
ಹಾಸಿಗೆಯಲ್ಲಿ ಯಾರೋ ಪೀಚ್ ಹಣ್ಣು ಮರೆತಿದ್ದಾರೆ.

ಅವನು ನನ್ನ ಮುಖ ನೋಡಿದ.
ನಾನು ಮೊನ್ನೆಯ ಚಹಾದ ದಂಟು ಆರಿಸುತ್ತಿದ್ದೆ.