ಹೋಲ್ಡಾನ್

ನಾಟಕ ಯಾವುದು ಅಂತ ಕೇಳಿದವರಿಗೆ
ಇನ್ನೂ ಇಲ್ಲ ಅಂದೆವು.
ಬರೆದವರು ಯಾರು?
ಅವರೂ ಇಲ್ಲ.
ಪ್ರಿನ್ಸಿಪಾಲರು ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡು
ಹಾಗಾದರೆ ಪರ್ಮಿಶನ್ ಯಾವುದಕ್ಕೆ, ಎಂದರು.

ಒಂಬತ್ತು ಜನ. ಸೈಕಲ್ ಸ್ಟ್ಯಾಂಡಿನ ಹಿಂದೆ
ಎನ್ನೆಸ್ಸೆಸ್ ಗುದ್ದಲಿ ಇಡುವ ಕೋಣೆ.
ಮೊದಲ ವಾರ ಬರೇ ನಡೆದೆವು
ಗೋಡೆಯಿಂದ ಗೋಡೆಗೆ, ಒಬ್ಬರಿಗೊಬ್ಬರು ತಾಗದ ಹಾಗೆ,
ಆಮೇಲೆ ತಾಗುವ ಹಾಗೆ.
ಹುಚ್ಚರಾಯ ಎರಡು ಸಲ ಗುದ್ದಲಿ ಕಾವು ಎಡವಿದ.
ಅದನ್ನೂ ಬರಕೊಂಡೆ. ನನ್ನ ಪಾಲಿಗೆ ಬಂದದ್ದು ನೋಟ್‌ಬುಕ್ಕು,
ಇನ್ನೂರು ಪುಟದ್ದು, ರಟ್ಟಿನ ಮೇಲೆ ಲೆಕ್ಕ ಅಂತ ಅಚ್ಚಾಗಿತ್ತು.

ಎರಡನೇ ವಾರ ಪ್ರೈವೇಟ್ ಬಸ್‌ಸ್ಟ್ಯಾಂಡಿನಲ್ಲಿ ಕೂತು
ಕಿವಿ ತುಂಬಿಸಿಕೊಂಡು ಬಂದೆವು.
ತೀರ್ಥಳ್ಳಿತೀರ್ಥಳ್ಳಿತೀರ್ಥಳ್ಳಿ
ಸಾಗ್ರಾ ಸಾಗ್ರಾ ಡೈರೆಕ್ಟ್ ಸಾಗ್ರಾ
ಸೀಟಿದೆ ಬನ್ನಿ ಸೀಟಿದೆ. ಇರಲಿಲ್ಲ.
ರೆನಿಟಾ ಅದನ್ನೆಲ್ಲ ಇಗರ್ಜಿಯಲ್ಲಿ ಹಾಡುವ ಹಾಗೆ
ನಾಲ್ಕು ದನಿಗೆ ಹಂಚಿದಳು:
ತೀರ್ಥಳ್ಳಿ ಕೆಳಗೆ, ಆಯನೂರು ಮೇಲೆ,
ನಡುವೆ ಹಾಲಸ್ವಾಮಿ ಒಬ್ಬನೇ, ಶೇಂಗಾ ಶೇಂಗಾ.
ನಗುತ್ತ ನಗುತ್ತ ಒಂದು ಸಂಜೆ
ಎಲ್ಲರ ಮೈಯಲ್ಲೂ ಒಂದೇ ಬಸ್ಸು ಅಲುಗಿತು.
ಇಂಜಿನ್ ಆಫ್ ಆದಾಗ ಯಾರಿಗೂ ಇಳಿಯುವ ಮನಸ್ಸಿಲ್ಲ.

ಆಗ ಗುತ್ಯಮ್ಮ ಮಾತಾಡಿದಳು,
ಹನ್ನೊಂದು ದಿನ ಬಾಗಿಲ ಹತ್ತಿರವೇ ಇದ್ದವಳು.

"ಹೊಸ ಗೆಳತಿಯರ ಜೊತೆ ಹತ್ತಿದೆ. ಅಪ್ಪನದೇ ಬಸ್ಸು.
ಕಂಡಕ್ಟರು ನಮ್ಮಪ್ಪ ಅಂತ ನಾನು ಹೇಳಲಿಲ್ಲ.
ಹತ್ತಿರ ಬಂದ. ಎಲ್ಲಿಗೆ ಅಂದ.
ಆಯನೂರು, ಅಂದೆ.
ಟಿಕೆಟ್ ಹರಿದು ಕೊಟ್ಟ.
ಚಿಲ್ಲರೆ ಎರಡು ರೂಪಾಯಿ,
ಅಂಗೈಗೆ ಬೆರಳು ತಾಗದ ಹಾಗೆ ಬಿಟ್ಟ."

ಈಗ ನಮ್ಮ ಹತ್ತಿರ ನಾಟಕ ಇತ್ತು.
ಬರೆದೆ, ಅಡಿಗೆರೆ ಎಳೆದೆ,
ಅವಳು ಮೂಗು ಒರೆಸಿಕೊಂಡದ್ದನ್ನೂ ಬರೆದೆ.
ಮರುದಿನ ಹುಚ್ಚರಾಯ ಅಪ್ಪನಾಗಿ ಚಿಲ್ಲರೆ ಬಿಟ್ಟ.
ಹಾಲಸ್ವಾಮಿ ಅತ್ತ. ಎಷ್ಟು ಸಲ ಮಾಡಿದರೂ ಅಲ್ಲೇ ಅಳುತ್ತಿದ್ದ.
ಚಿಲ್ಲರೆ ಸೀನು ಅಂತ ಹೆಸರೂ ಬಿತ್ತು.

ಶೋಗೆ ನಾಲ್ಕು ದಿನ. ಗುತ್ಯಮ್ಮ ಅಂದಳು
ಅಪ್ಪ ನೋಡೋಕೆ ಬರ್ತಾನೆ. ಅದು ಬೇಡ.

ಬೇಡ ಅಂದರೆ? ಕೊಟ್ಟ ಮೇಲೆ ಎಲ್ಲರದೂ ಅಲ್ಲವಾ?
ಅಪ್ಪನ ಬದಲು ಮಾವ ಮಾಡೋಣ,
ಆಯನೂರಿನ ಬದಲು ಕುಂಸಿ.
ಎಷ್ಟು ಸಭ್ಯವಾಗಿ ಜಗಳಾಡಿದೆವು, ಒಬ್ಬೊಬ್ಬರೇ ಕೈಯೆತ್ತಿ,
ಕೊನೆಗೆ ಓಟು ಹಾಕುವಷ್ಟು ಹೀನವಾಗಿ.
ಸೀನು ಉಳಿಯಲಿ ಎಂದು ಐದು ಕೈ. ಒಂದು ನನ್ನದು.
ಅವಳು ಗುದ್ದಲಿಗಳ ಪಕ್ಕ ಕೂತು
ಚಪ್ಪಲಿಯ ಬಾರು ಸರಿ ಮಾಡಿಕೊಳ್ಳುತ್ತಿದ್ದಳು.

ರಾತ್ರಿ ಪುಟ ತೆಗೆದೆ.
ಅವಳ ಮಾತು ನನ್ನ ಅಕ್ಷರದಲ್ಲಿ ಎಷ್ಟು ಚೆಂದ ಕಾಣುತ್ತಿತ್ತು!
ಹರಿದೆ. ಟಿಕೆಟ್ ಹರಿದಷ್ಟು ಸಲೀಸಲ್ಲ.
ಬೆಳಿಗ್ಗೆ ಅವಳ ಕೈಗಿಟ್ಟೆ. ಓದಲಿಲ್ಲ, ಮಡಚಿದಳು.

ಸೀನು ಹೋಯಿತು, ಜಾಗ ಹೋಗಲಿಲ್ಲ.
ಏನು ತಂದು ತುಂಬಿದರೂ ಉದುರಿತು.
ಹಾಗೇ ಬಿಟ್ಟೆವು: ಬಸ್ಸು ನಿಲ್ಲುತ್ತದೆ,
ಒಂಬತ್ತು ಜನ ಎದುರಿಗೆ ನೋಡುತ್ತೇವೆ,
ಮನಸ್ಸಿನಲ್ಲೇ ಮೂವತ್ತು ಎಣಿಸುವವರೆಗೆ.

ಅವನು ಬಂದ. ಖಾಕಿ ಶರ್ಟು, ಕಂಕುಳಲ್ಲಿ ಚರ್ಮದ ಚೀಲ,
ಕುರ್ಚಿ ಖಾಲಿಯಿದ್ದರೂ ಹಿಂದೆ ಕಂಬ ಹಿಡಿದು ನಿಂತ.
ಬಸ್ಸು ನಿಂತಿತು. ಹದಿನಾರು, ಹದಿನೇಳು,
ಯಾರೋ ಕೆಮ್ಮಿದರು,
ಮಾತು ಮರ್ತಿದಾರೆ ಪಾಪ, ಅಂದರು ಯಾರೋ,
ಇಪ್ಪತ್ತೆರಡು,
ಮಕ್ಕಳ ಮೇಲಿನ ಮರುಕಕ್ಕೋ ಬರೀ ರೂಢಿಗೋ
ಹಿಂದಿನಿಂದ
"ರೈಟ್."

ಗುತ್ಯಮ್ಮನ ಭುಜ ಮೊದಲು ಅಲುಗಿತು.
ಆಮೇಲೆ ನಾವೆಲ್ಲ.

ಎರಡನೇ ಶೋ ಸಾಗರದಲ್ಲಿ.
ಹಾಲಸ್ವಾಮಿಯ ಅಣ್ಣನಿಗೆ ಹೇಳಿಕೊಟ್ಟು ಹಿಂದೆ ನಿಲ್ಲಿಸಿದೆವು.
ಇಪ್ಪತ್ತೆರಡಕ್ಕೆ ಸರಿಯಾಗಿ, ಒಳ್ಳೇ ದನಿಯಲ್ಲಿ,
ರೈಟ್ ಅಂದ.
ಬಸ್ಸು ಹೊರಡಲಿಲ್ಲ.